ರಾಷ್ಟ್ರೀಯ ಗಾಯನ ಪ್ರಶಸ್ತಿ: ಕನ್ನಡ ಚಿತ್ರಗಳ ಮೊದಲ ಹೆಜ್ಜೆಗಳು



ಹಿನ್ನೆಲೆ ಗಾಯನಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ನೀಡುವ ಪದ್ಧತಿ 1967ರ ಚಿತ್ರಗಳಿಂದ ಆರಂಭವಾಯಿತು. ಇಲ್ಲಿ ದೇಶದ ಎಲ್ಲ ಭಾಷೆಗಳ ಹಾಡುಗಳಿಗೂ ಒಂದೇ ಕಣ. ಆ ಕಣದಲ್ಲಿ ಕನ್ನಡ ಚಿತ್ರಗಳು ಗೆದ್ದ ಬಗೆಯನ್ನು ನಮ್ಮ ಗಡಿ ಭಾಗದ ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ಕೊಡುತ್ತಿದ್ದೇವೆ.

ಹಂಸಗೀತೆ (1975): ಕನ್ನಡ ಚಿತ್ರವೊಂದರ ಗಾಯನಕ್ಕೆ ಸಂದ ಮೊದಲ ಪ್ರಶಸ್ತಿ. ತ.ರಾ.ಸು. ಅವರ ಕಾದಂಬರಿ, ಜಿ.ವಿ. ಅಯ್ಯರ್ ಅವರ ನಿರ್ದೇಶನ. ಕಥಾನಾಯಕ ನಮ್ಮ ನೆರೆಯ ಚಿತ್ರದುರ್ಗದ ಸಂಗೀತಗಾರ. ಹಾಡಿ ಗೆದ್ದವರು ಎಂ. ಬಾಲಮುರಳಿಕೃಷ್ಣ, ಮನೆಮಾತು ತೆಲುಗು, ಹುಟ್ಟೂರು ಗೋದಾವರಿ ಸೀಮೆ.

ಕಾಡು ಕುದುರೆ (1978): ಚಂದ್ರಶೇಖರ ಕಂಬಾರರ ಚಿತ್ರ. ಹಾಡಿದವರು ಶಿವಮೊಗ್ಗ ಸುಬ್ಬಣ್ಣ. ಈ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಇವರೇ. ವೃತ್ತಿಯಿಂದ ವಕೀಲರಾಗಿದ್ದ ಅವರು ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದರು, 2022ರಲ್ಲಿ ನಮ್ಮನ್ನಗಲಿದರು.

ಜೀವನ ಚೈತ್ರ (1992): ಹಾಡಿದವರು ಡಾ. ರಾಜ್‌ಕುಮಾರ್. ಅವರ ಗಾಜನೂರು ಇರುವುದು ಇಂದಿನ ತಮಿಳುನಾಡಿನ ಗಡಿಯಲ್ಲಿ.

ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ (1995): ಹಾಡಿದವರು ನೆಲ್ಲೂರು ಜಿಲ್ಲೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ.

ನಾಲ್ಕರಲ್ಲಿ ಎರಡು ಪ್ರಶಸ್ತಿ ತೆಲುಗು ನಾಡಿನ ಕಂಠಗಳಿಗೆ, ಒಂದು ಗಡಿಯಾಚೆಯ ಊರಿನ ಕನ್ನಡಿಗನಿಗೆ! ಇದು ಕೊರತೆಯಲ್ಲ. ಯೂರೋಪಿನ ಯೂರೋವಿಷನ್ ಗೀತಸ್ಪರ್ಧೆಯನ್ನೇ ನೋಡಿ. 1956ರ ಮೊದಲ ಸ್ಪರ್ಧೆಯಿಂದಲೂ ಭಾಗವಹಿಸಿದ ಪುಟ್ಟ ದೇಶ ಲಕ್ಸೆಂಬರ್ಗ್ ಐದು ಬಾರಿ ಗೆದ್ದಿತು. 1961ರ ಮೊದಲ ಗೆಲುವು ತಂದ ಗಾಯಕ ಪಕ್ಕದ ಫ್ರಾನ್ಸಿನವರು. ಐದು ಗೆಲುವುಗಳಲ್ಲಿ ಒಂದನ್ನೂ ಲಕ್ಸೆಂಬರ್ಗಿನ ಗಾಯಕರು ತಂದದ್ದಲ್ಲ. ಆದರೂ ಗೆಲುವು ಆ ದೇಶದ್ದೇ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. ಅಂದಿನಿಂದ "ನೀವು ಯಾವ ಕಡೆಯವರು?" ಎಂಬ ಪ್ರಶ್ನೆ ಬೊಮ್ಮನಹಾಳ್‌ನ ನಮ್ಮನ್ನು ಬಿಟ್ಟಿಲ್ಲ. ಶಾಲೆಯಲ್ಲಿ ತೆಲುಗು ಓದಿ ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಅವರಿಗೆ ಈ ಪಟ್ಟಿ ತೋರಿಸಿ. ಭಾಷೆ ಹಾಡಿದವರದ್ದು, ಕೇಳಿದವರದ್ದು, ಗಡಿಕಲ್ಲು ನೆಟ್ಟವರದ್ದಲ್ಲ.

ಮುಂದಿನ ಮಾಸಿಕ ಕೂಟದಲ್ಲಿ ಈ ನಾಲ್ಕು ಚಿತ್ರಗಳ ಹಾಡುಗಳನ್ನು ಹಾಡೋಣ. ರಾಯದುರ್ಗ, ಮಡಕಶಿರಾ ಕಡೆಯ ಸದಸ್ಯರು ಮಕ್ಕಳೊಡನೆ ಬನ್ನಿ. ತೆಲುಗು ಗೆಳೆಯರನ್ನೂ ಕರೆತನ್ನಿ.