ಪೊಲೀಸ್ ನಿಸ್ತಂತುವಿಗೆ ಕಿವಿಗೊಟ್ಟವರು

ಅಮೆರಿಕದ ಪೊಲೀಸ್ ನಿಸ್ತಂತು ವ್ಯವಸ್ಥೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಠಾಣೆಯನ್ನೂ ಗಸ್ತಿನ ಕಾರನ್ನೂ ಕುರಿತೇ ಬರೆಯುತ್ತಾರೆ. ಆದರೆ ಅವೆರಡರ ನಡುವೆ ಗಾಳಿಯಲ್ಲಿ ಸಾಗಿದ ಮಾತಿಗೆ ಮೊದಲಿನಿಂದಲೂ ಮೂರನೆಯ ಕಿವಿಯೊಂದಿತ್ತು. ತಂತಿಯಲ್ಲಿ ಹರಿಯುವ ಮಾತನ್ನು ತಂತಿಗೆ ಕೈ ಹಾಕದೆ ಕೇಳಲಾಗದು, ಆಕಾಶಕ್ಕೆ ಬಿಟ್ಟ ಮಾತಿಗೆ ಅಂಥ ಕಾವಲಿಲ್ಲ. ಇಂದು ಅಂಗೈಯಗಲದ ಅಗ್ಗದ ಕಂಪ್ಯೂಟರೊಂದು ಯಾವುದೋ ಸಣ್ಣ ಊರಿನ ಅಗ್ನಿಶಾಮಕ ದಳದ ಮಾತನ್ನು ಅಂತರ್ಜಾಲದ ಮೂಲಕ ಇನ್ನೊಂದು ಖಂಡದವರೆಗೆ ಮುಟ್ಟಿಸುತ್ತಿರುವುದು ಆ ಮೂರನೆಯ ಕಿವಿಯ ಕಥೆಯಲ್ಲಿ ತೀರ ಈಚಿನ ಘಟ್ಟ.

ಡೆಟ್ರಾಯಿಟ್ ನಗರದ ಪೊಲೀಸರು 1920ರ ದಶಕದ ಆರಂಭದಿಂದಲೇ ಕಾರುಗಳಿಗೆ ರೇಡಿಯೊ ಅಳವಡಿಸಲು ಯತ್ನಿಸಿದರಾದರೂ, ರಸ್ತೆಯ ಕುಲುಕಾಟಕ್ಕೆ ಆ ಕಾಲದ ಗಾಜಿನ ವಾಲ್ವುಗಳು ತಾಳಲಿಲ್ಲ. ಕುಲುಕಾಟಕ್ಕೆ ಬಗ್ಗದ ಗ್ರಾಹಕವನ್ನು ರಾಬರ್ಟ್ ಬ್ಯಾಟ್ಸ್ ಎಂಬ ತರುಣ ರೂಪಿಸಿದ ಮೇಲೆ, 1928ರ ಏಪ್ರಿಲ್ 7ರಂದು ಬೆಲ್ ಐಲ್ ದ್ವೀಪದ ಪ್ರಸಾರಯಂತ್ರದಿಂದ ನಿಯತ ಸೇವೆ ಆರಂಭವಾಯಿತು. ಅದು ಏಕಮುಖ ಸಂಪರ್ಕ. ಕಾರಿನಲ್ಲಿದ್ದ ಪೇದೆ ಕೇಳಬಲ್ಲವನಾಗಿದ್ದನೇ ಹೊರತು ಮರುನುಡಿಯಬೇಕಾದರೆ ದಾರಿಯಲ್ಲಿ ದೂರವಾಣಿಯನ್ನೇ ಹುಡುಕಬೇಕಿತ್ತು. ಎರಡೂ ಕಡೆಯಿಂದ ಮಾತನಾಡುವ ವ್ಯವಸ್ಥೆ 1933ರಲ್ಲಿ ನ್ಯೂಜೆರ್ಸಿಯ ಬೇಯೊನ್ ಪಟ್ಟಣದಲ್ಲಿ ಬಂತು.

ಪೊಲೀಸರಿಗೆ ಕೊಟ್ಟ ಆವರ್ತನಗಳು ಸಾಮಾನ್ಯ ಬಾನುಲಿಯ ಪಟ್ಟಿಗೆ ಒತ್ತಿಕೊಂಡೇ ಇದ್ದವು. ಹೀಗಾಗಿ ಮನೆಯ ರೇಡಿಯೊದ ಮುಳ್ಳನ್ನು ಸಂಗೀತ ಮುಗಿಯುವಲ್ಲಿಂದ ತುಸು ಆಚೆಗೆ ತಿರುಗಿಸಿದರೆ ಠಾಣೆಯ ದನಿ ಕೇಳುತ್ತಿತ್ತು. 1930ರ ದಶಕದ ಎಷ್ಟೋ ರೇಡಿಯೊಗಳ ಅಂಕಫಲಕದ ಮೇಲೆ ತಯಾರಕರೇ ‘ಪೊಲೀಸ್’ ಎಂದು ಅಚ್ಚು ಹಾಕಿ ಮಾರುತ್ತಿದ್ದರು. ಈ ಕೇಳ್ಮೆಯಿಂದಲೇ ಹೊಟ್ಟೆ ಹೊರೆದವರೂ ಇದ್ದರು. ವೀಜೀ ಎಂಬ ಹೆಸರಿನಿಂದ ಖ್ಯಾತನಾದ ಛಾಯಾಗ್ರಾಹಕ ಆರ್ಥರ್ ಫೆಲಿಗ್ 1938ರಲ್ಲಿ ತನ್ನ ಕಾರಿನಲ್ಲಿ ಪೊಲೀಸ್ ರೇಡಿಯೊ ಇಟ್ಟುಕೊಳ್ಳಲು ಅನುಮತಿ ಪಡೆದು, ನ್ಯೂಯಾರ್ಕಿನ ರಾತ್ರಿಗಳ ಕೊಲೆ, ಬೆಂಕಿ, ಅಪಘಾತಗಳ ಚಿತ್ರಗಳನ್ನು ಪತ್ರಿಕೆಗಳಿಗೆ ಒದಗಿಸಿದ.

ಕಾನೂನು ಈ ಕಿವಿಯನ್ನು ಹೇಗೆ ಕಂಡಿತೆಂಬುದು ಗಮನಿಸತಕ್ಕ ವಿಷಯ. 1934ರ ಸಂಪರ್ಕ ಕಾಯ್ದೆಯ 605ನೆಯ ವಿಧಿ, ಕಳುಹಿಸಿದವನ ಒಪ್ಪಿಗೆಯಿಲ್ಲದೆ ಸಂದೇಶವನ್ನು ನಡುವೆ ಹಿಡಿದು ಅನ್ಯರಿಗೆ ತಿಳಿಸುವುದನ್ನು ನಿಷೇಧಿಸಿತು. ಬರಿದೇ ಕೇಳಿಕೊಂಡು ಸುಮ್ಮನಿರುವವನ ತಂಟೆಗೆ ಹೋಗಲಿಲ್ಲ. ಕೇಳಬಹುದು, ಸಾರಬಾರದು ಎಂಬ ಈ ಗೆರೆ ಅಮೆರಿಕದ ಕೇಳುಗರಿಗೆ ಅರ್ಧ ಶತಮಾನ ನೆರಳು ಕೊಟ್ಟಿತು. ಇದರ ಹಿಂದಿನ ವರ್ಷವೇ ಭಾರತದಲ್ಲಿ ಬಂದ 1933ರ ನಿಸ್ತಂತು ಕಾಯ್ದೆಯಾದರೋ ಪರವಾನಗಿಯಿಲ್ಲದೆ ಯಂತ್ರವನ್ನು ಹೊಂದಿರುವುದನ್ನೇ ಅಪರಾಧವೆಂದು ಪರಿಗಣಿಸಿತು. ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ರೇಡಿಯೊ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡ ನೆನಪು ಕರ್ನಾಟಕದ ಹಳೆಯ ತಲೆಮಾರಿಗೆ ಇನ್ನೂ ಇದೆ. ಪೊಲೀಸರ ಮಾತನ್ನು ಆಲಿಸುವ ಹವ್ಯಾಸ ಅಲ್ಲಿ ಬೇರೂರಿ ಇಲ್ಲಿ ಮೊಳೆಯದೇ ಹೋದುದಕ್ಕೆ ಈ ವ್ಯತ್ಯಾಸ ಬಹುದೊಡ್ಡ ಕಾರಣ.

ಡೇನಿಯಲ್ ನೋಬಲ್ ರೂಪಿಸಿದ ಎಫ್‌ಎಂ ವ್ಯವಸ್ಥೆಯನ್ನು ಕನೆಕ್ಟಿಕಟ್ ರಾಜ್ಯದ ಪೊಲೀಸರು 1940ರಲ್ಲಿ ಅಳವಡಿಸಿಕೊಂಡ ಬಳಿಕ, ಇತರ ಇಲಾಖೆಗಳೂ ಕ್ರಮೇಣ ಮೇಲಿನ ಆವರ್ತನಗಳಿಗೆ ಸರಿದವು, ಮನೆಯ ರೇಡಿಯೊ ಮೂಕವಾಯಿತು. ಆ ಮೌನವನ್ನು ಮುರಿದದ್ದು 1960–70ರ ದಶಕಗಳಲ್ಲಿ ಪೇಟೆಗೆ ಬಂದ ಸ್ಕ್ಯಾನರ್ ಎಂಬ ಉಪಕರಣ. ಗೊತ್ತುಪಡಿಸಿದ ವಾಹಿನಿಗಳನ್ನು ಒಂದಾದ ಮೇಲೊಂದರಂತೆ ಕ್ಷಣಾರ್ಧದಲ್ಲಿ ತಡಕುತ್ತ ಹೋಗಿ, ಎಲ್ಲಿ ಮಾತು ಸಿಕ್ಕಿತೋ ಅಲ್ಲಿ ನಿಂತು, ಮಾತು ಮುಗಿದೊಡನೆ ಮುಂದೆ ಸರಿಯುವುದು ಅದರ ಕೆಲಸ. ಮಾತಿಲ್ಲದಾಗಿನ ‘ಸೊಯ್’ ಎಂಬ ಸದ್ದನ್ನು ಅಡಗಿಸುವ ಗುಂಡಿಗೆ ಸ್ಕ್ವೆಲ್ಚ್ ಎಂದು ಹೆಸರು. ಇಂಡಿಯಾನಾದ ಎಲೆಕ್ಟ್ರಾ ಸಂಸ್ಥೆಯ ‘ಬೇರ್‌ಕ್ಯಾಟ್’ ಈ ಬಗೆಯ ಯಂತ್ರಗಳಲ್ಲಿ ಮನೆಮಾತಾಯಿತು. ಆರಂಭದ ಮಾದರಿಗಳಲ್ಲಿ ಒಂದೊಂದು ವಾಹಿನಿಗೂ ಒಂದೊಂದು ಕ್ರಿಸ್ಟಲ್, ಅಂದರೆ ನಿಶ್ಚಿತ ಆವರ್ತನಕ್ಕೆ ಕತ್ತರಿಸಿದ ಸ್ಫಟಿಕದ ಬಿಲ್ಲೆಯನ್ನು, ಬೇರೆಯಾಗಿ ಕೊಂಡು ಕೂರಿಸಬೇಕಿತ್ತು. ಮುಂಭಾಗದ ಕೆಂಪು ದೀಪಗಳು ಸಾಲಾಗಿ ಎಡದಿಂದ ಬಲಕ್ಕೆ ಓಡುತ್ತ, ದನಿ ಬಂದೊಡನೆ ಒಂದೇ ದೀಪ ಉರಿದು ನಿಲ್ಲುತ್ತಿತ್ತು. ಅಗ್ನಿಶಾಮಕರಲ್ಲಿ ಬಹುಪಾಲು ಜನ ಸಂಬಳವಿಲ್ಲದ ಸ್ವಯಂಸೇವಕರೇ ಆಗಿರುವ ಆ ದೇಶದಲ್ಲಿ, ಬೆಂಕಿಗೆ ಹೋದ ಮಗನೋ ಗಂಡನೋ ಸುರಕ್ಷಿತವಾಗಿದ್ದಾನೆಂಬುದು ಮನೆಯವರಿಗೆ ಮೊದಲು ತಿಳಿಯುತ್ತಿದ್ದುದು ಅಡುಗೆಮನೆಯ ಕಪಾಟಿನ ಮೇಲಿನ ಈ ಪೆಟ್ಟಿಗೆಯಿಂದ. ಕುತೂಹಲದ ಚಟವೆಂದು ಇದನ್ನು ತಳ್ಳಿಹಾಕುವವರು ಈ ಸಂಗತಿಯನ್ನು ಮರೆಯಬಾರದು.

1986ರ ವಿದ್ಯುನ್ಮಾನ ಸಂಪರ್ಕ ಗೋಪ್ಯತಾ ಕಾಯ್ದೆಯು ಪೊಲೀಸ್ ಮತ್ತು ಅಗ್ನಿಶಾಮಕ ಸಂಪರ್ಕ ‘ಸಾರ್ವಜನಿಕರಿಗೆ ಸುಲಭವಾಗಿ ದೊರೆಯುವಂಥದ್ದಾಗಿದ್ದರೆ’ ಅದನ್ನು ಕೇಳಬಹುದೆಂದು ಸ್ಪಷ್ಟಪಡಿಸಿತು. ಸಂಕೇತದಲ್ಲಿ ಮುಚ್ಚಿಟ್ಟ ಮಾತು ಸುಲಭವಾಗಿ ದೊರೆಯುವಂಥದ್ದಲ್ಲವಾದ್ದರಿಂದ, ಬಾಗಿಲು ತೆರೆದ ಅದೇ ಮಾತಿನಲ್ಲಿ ಮುಂದೆ ಅದನ್ನು ಮುಚ್ಚುವ ಅಗುಳಿಯೂ ಇತ್ತು.

ಸ್ಕ್ಯಾನರಿನ ದನಿಯನ್ನು ಅಂತರ್ಜಾಲದಲ್ಲಿ ನೇರವಾಗಿ ಹರಿಸುವುದು, ಎಂದರೆ ಸ್ಟ್ರೀಮಿಂಗ್, 1990ರ ದಶಕದ ಕೊನೆಗೇ ಸಾಧ್ಯವಾಗಿತ್ತು. ಆದರೆ ಅದಕ್ಕಾಗಿ ಮನೆಯ ದೊಡ್ಡ ಕಂಪ್ಯೂಟರು ಹಗಲಿರುಳು ಫ್ಯಾನು ಗುಯ್ಗುಡುತ್ತ ಓಡುತ್ತಲೇ ಇರಬೇಕಿತ್ತು, ವಿದ್ಯುತ್ ಬಿಲ್ಲು ಏರುತ್ತಿತ್ತು. 2012ರ ಫೆಬ್ರುವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ, ಎಬೆನ್ ಅಪ್ಟನ್ ಮತ್ತು ಸಂಗಡಿಗರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ರೂಪಿಸಿದ ‘ರಾಸ್ಪ್‌ಬೆರಿ ಪೈ’ 35 ಡಾಲರಿಗೆ ಮಾರಾಟಕ್ಕೆ ಬಂದಾಗ ಈ ಅಡಚಣೆ ನೀಗಿತು. ಕ್ರೆಡಿಟ್ ಕಾರ್ಡಿನಷ್ಟು ಅಗಲದ ಆ ಹಸಿರು ಹಲಗೆಗೆ ಫ್ಯಾನೂ ಇಲ್ಲ, ಹಾರ್ಡ್ ಡಿಸ್ಕೂ ಇಲ್ಲ. ಮೊಬೈಲ್ ಚಾರ್ಜರಿನಿಂದಲೇ ನಡೆಯುತ್ತದೆ. ಅದರ ದನಿಯ ತೂತು ಹೊರಕ್ಕೆ ಮಾತ್ರವಾದ್ದರಿಂದ ಯುಎಸ್‌ಬಿಗೆ ಸಣ್ಣ ಸೌಂಡ್ ಕಾರ್ಡೊಂದನ್ನು ಸಿಕ್ಕಿಸಿ, ಸ್ಕ್ಯಾನರಿನ ಇಯರ್‌ಫೋನ್ ತೂತಿನಿಂದ ಅದರ ಮೈಕಿನ ತೂತಿಗೆ ವೈರು ಎಳೆಯಬೇಕು. ‘ಡಾರ್ಕ್‌ಐಸ್’ ಎಂಬ ತಂತ್ರಾಂಶ ದನಿಯನ್ನು ಸೆಕೆಂಡಿಗೆ 16 ಕಿಲೋಬಿಟ್‌ಗೆ ಕುಗ್ಗಿಸಿ, ‘ಐಸ್‌ಕಾಸ್ಟ್’ ಎಂಬ ಸರ್ವರಿಗೆ ರವಾನಿಸುತ್ತದೆ; ಗಂಟೆಯೊಂದರ ಮಾತು ಏಳು ಮೆಗಾಬೈಟಿನಷ್ಟಾಗುತ್ತದೆ. ಟಿವಿ ನೋಡಲೆಂದು ತಯಾರಾದ ಅಗ್ಗದ ಯುಎಸ್‌ಬಿ ಕಡ್ಡಿಗಳೊಳಗಿನ ರಿಯಲ್‌ಟೆಕ್ ಚಿಪ್ಪು ಬಗೆಬಗೆಯ ಆವರ್ತನಗಳನ್ನು ಹಿಡಿಯಬಲ್ಲದೆಂದು ಹವ್ಯಾಸಿಗಳು ಅದೇ ವರ್ಷ ಕಂಡುಕೊಂಡದ್ದರಿಂದ, ಎಷ್ಟೋ ಕಡೆ ಸ್ಕ್ಯಾನರಿನ ಅಗತ್ಯವೂ ಉಳಿಯಲಿಲ್ಲ.

ಇದರಿಂದ ಕೇಳುವುದಕ್ಕೂ ಸಾರುವುದಕ್ಕೂ 1934ರ ಕಾನೂನು ಎಳೆದಿದ್ದ ಗೆರೆ ವ್ಯವಹಾರದಲ್ಲಿ ಅಳಿಸಿಹೋಯಿತು, ಏಕೆಂದರೆ ಈ ಯಂತ್ರಕ್ಕೆ ಕೇಳುವುದೇ ಸಾರುವುದು. ಅದರ ಬೆಲೆ 2013ರ ಏಪ್ರಿಲ್‌ನಲ್ಲಿ ತಿಳಿಯಿತು. ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ಆರೋಪಿಗಳನ್ನು ವಾಟರ್‌ಟೌನ್ ಬೀದಿಗಳಲ್ಲಿ ಬೆನ್ನಟ್ಟುತ್ತಿದ್ದ ರಾತ್ರಿ ಸಾವಿರಾರು ಜನ ಆ ಪೊಲೀಸ್ ವಾಹಿನಿಗೆ ಅಂತರ್ಜಾಲದಲ್ಲಿ ಕಿವಿಯಾನಿಸಿದರು. ಸ್ಕ್ಯಾನರಿನಲ್ಲಿ ಕೇಳಿಬಂತೆಂಬ ಹೆಸರಿನಲ್ಲಿ ನಿರಪರಾಧಿ ವಿದ್ಯಾರ್ಥಿಯೊಬ್ಬನನ್ನು ಸಾಮಾಜಿಕ ಜಾಲತಾಣಗಳು ಆರೋಪಿಯಾಗಿಸಿದವು, ತಂಡಗಳ ಚಲನವಲನವನ್ನು ಹಂಚಬೇಡಿರೆಂದು ಪೊಲೀಸರು ಬೇಡಿಕೊಳ್ಳಬೇಕಾಯಿತು.

ಆ ಭಯ ಇಲಾಖೆಗಳಿಗೆ ಬಲವಾದ ಕಾರಣವಾಗಿ ಒದಗಿತು. 2019ರಲ್ಲಿ ಡೆನ್ವರ್ ಪೊಲೀಸರು ತಮ್ಮ ಸಂಪರ್ಕವನ್ನು ಪೂರ್ತಿಯಾಗಿ ಎನ್‌ಕ್ರಿಪ್ಟ್ ಮಾಡಿದರು, ಎಂದರೆ ಕೀಲಿಯಿಲ್ಲದವರಿಗೆ ತಿಳಿಯದ ಸಂಕೇತಕ್ಕೆ ಬದಲಿಸಿದರು. ಶಿಕಾಗೊ ಅದೇ ಹಾದಿ ಹಿಡಿದು, ಸಾರ್ವಜನಿಕರಿಗೆ ಅರ್ಧ ಗಂಟೆ ತಡವಾಗಿ ದನಿ ಕೊಡುವ ಏರ್ಪಾಟು ಮಾಡಿತು. 2023ರಲ್ಲಿ ನ್ಯೂಯಾರ್ಕ್ ಪೊಲೀಸರು ಬ್ರೂಕ್ಲಿನ್‌ನಿಂದ ಆರಂಭಿಸಿದರು. ಸಾಕ್ಷಿಗಳ ಹೆಸರು, ಗಾಯಾಳುಗಳ ವಿಳಾಸ ಊರೆಲ್ಲ ಹರಡಬಾರದೆಂಬ ವಾದ ನ್ಯಾಯವಾದದ್ದೇ. ಆದರೆ ಅದಕ್ಕಾಗಿ ದಿನನಿತ್ಯದ ಪ್ರತಿಯೊಂದು ಮಾತಿಗೂ ಬೀಗ ಹಾಕುವುದು ಸಮರ್ಥನೀಯವಲ್ಲ. ಗುಂಡು ಹಾರಿದ ಅರ್ಧ ಗಂಟೆಯ ಮೇಲೆ ಕಿವಿಗೆ ಬೀಳುವ ಸುದ್ದಿ ಸ್ಥಳಕ್ಕೆ ಧಾವಿಸಬೇಕಾದ ವರದಿಗಾರನಿಗೂ ಬೀದಿಯಲ್ಲಿರುವ ಮಕ್ಕಳನ್ನು ಒಳಗೆ ಕರೆಯಬೇಕಾದ ತಾಯಿಗೂ ಉಪಯೋಗಕ್ಕೆ ಬಾರದು.

ಅನೇಕ ಊರುಗಳಲ್ಲಿ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ವಾಹಿನಿಗಳು ಈಗಲೂ ಬಯಲಾಗಿಯೇ ಇವೆ, ಪೈಗಳು ಅವನ್ನು ಹಗಲಿರುಳು ಹರಿಸುತ್ತಿವೆ. ಬೀಗ ಬಿದ್ದ ಪೊಲೀಸ್ ವಾಹಿನಿಗೆ ಬಂದಾಗ ಹೊಸ ಸ್ಕ್ಯಾನರು ಅದನ್ನು ಗುರುತಿಸಿ, ದನಿಯನ್ನು ಅಡಗಿಸಿ, ಮುಂದಿನ ವಾಹಿನಿಗೆ ಸರಿಯುತ್ತದೆ.