ತುಳಿಯಲೆಂದೇ ಹಾಸಿದ ಹೂವು

ಮುಂಜಾನೆ ಅಂಗಳದಲ್ಲಿ ಬಿಡಿಸಿದ ರಂಗೋಲಿ ಮಧ್ಯಾಹ್ನದ ಹೊತ್ತಿಗೆ ಕಾಲ್ತುಳಿತಕ್ಕೆ ಅಳಿಸಿಹೋಗುವುದನ್ನು ನೀವು ಕಂಡಿರುತ್ತೀರಿ. ಬಿಡಿಸಿದವಳು ಅದಕ್ಕಾಗಿ ಮರುಗುವುದಿಲ್ಲ. ಮರುದಿನ ಮತ್ತೆ ಬಿಡಿಸುತ್ತಾಳೆ. ಯೂರೋಪಿನ ಕೆಲವು ಊರುಗಳು ಇದೇ ಮನಸ್ಸಿನಿಂದ ಬೀದಿಗೆ ಬೀದಿಯನ್ನೇ ಹೂವಿನಿಂದ ಚಿತ್ರಿಸುತ್ತ ಬಂದಿವೆ.

1264ರಲ್ಲಿ ನಾಲ್ಕನೆಯ ಉರ್ಬಾನ್ ಜಗದ್ಗುರುಗಳು ಕ್ರಿಸ್ತದೇಹದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಧಿಸಿದರು. ಪರಮ ಪ್ರಸಾದದ ಮೆರವಣಿಗೆ ಸಾಗುವ ದಾರಿಗೆ ಹೂ ಎರಚುವುದು ಕ್ರಮೇಣ ರೂಢಿಯಾಯಿತು. ಎರಚಿದ ಹೂವು ಚಿತ್ರವಾಗಿ ಅರಳಿದ್ದು ರೋಮಿನಲ್ಲಿ. 1625ರ ಜೂನ್ 29, ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ವಾಟಿಕನ್ನಿನ ಅಲಂಕಾರದ ಹೊಣೆ ಹೊತ್ತಿದ್ದ ಬೆನೆದೆತ್ತೊ ದ್ರೇಯಿ ಮತ್ತು ಆತನ ಮಗ ಪಿಯೆತ್ರೊ ಅಂದು ಮಹಾದೇವಾಲಯದಲ್ಲಿ ಹೂವಿನಿಂದ ಚಿತ್ರ ರಚಿಸಿದರು. ಮುಂದೆ ಅಮೃತಶಿಲೆಯ ಮಹಾಶಿಲ್ಪಿ ಬೆರ್ನಿನಿಯೂ ಈ ಕಲೆಯನ್ನು ಬೆಳೆಸಿದನೆಂದು ಹೇಳುತ್ತಾರೆ. ಆತನ ಶಿಲೆಗಳನ್ನು ನಾವು ಇಂದಿಗೂ ನೋಡಬಹುದು, ಹೂಗಳನ್ನು ನೋಡಲಾರೆವು. ಚರಿತ್ರೆ ಬರೆಯುವವನಿಗೆ ಇದೇ ತೊಡಕು: ಈ ಕಲೆ ತನ್ನ ಗುರುತನ್ನು ತಾನೇ ಅಳಿಸಿಕೊಂಡು ಹೋಗುತ್ತದೆ.

ರೋಮಿನಲ್ಲಿ ಮಸುಕಾದ ಈ ಪದ್ಧತಿಯನ್ನು ಉಳಿಸಿದವು ಸುತ್ತಲಿನ ಗುಡ್ಡದೂರುಗಳು. ಅವುಗಳಲ್ಲಿ ಹೆಸರಾದದ್ದು ಜೆನ್‌ಜಾನೊ. 1778ರಿಂದ ಅಲ್ಲಿ ಕ್ರಿಸ್ತದೇಹದ ಹಬ್ಬಕ್ಕೆ ಹೂಹಾಸು ನಡೆದುಬಂದಿದೆ. ಸಂತ ಮರಿಯಮ್ಮನವರ ದೇವಾಲಯದತ್ತ ಏರುವ ಬೀದಿಯಲ್ಲಿ ಸುಮಾರು 2,000 ಚದರ ಮೀಟರ್ ನೆಲ ಹೂವಿನಿಂದ ತುಂಬುತ್ತದೆ. ಹಳದಿಗೆ ಜಿನೆಸ್ತ್ರ ಎಂಬ ಗುಡ್ಡದ ಪೊದೆಯ ಹೂವು, ಹಸಿರಿಗೆ ಕಾಡುಸೋಂಪಿನ ಎಲೆ. ಊರಿನ ಜನ ಕಲೆತು ಎಸಳು ಬಿಡಿಸುತ್ತಾರೆ. ಬಿಡಿಸಿದ ಎಸಳು ಬಾಡದಂತೆ ನೆಲದಡಿಯ ತಂಪು ಗುಹೆಗಳಲ್ಲಿ ಕಾಯ್ದಿರಿಸುತ್ತಾರೆ. ಬೀದಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಮಂಡಿಯೂರಿ, ಹಿಡಿ ಹಿಡಿಯಾಗಿ ತುಂಬುತ್ತಾರೆ. ಗಾಳಿ ಬೀಸಿದರೆ, ಮಳೆ ಹನಿದರೆ ಏನು ಗತಿ ಎಂದು ನೀವು ಕೇಳಬಹುದು. ಆ ಭಯ ಪ್ರತಿ ವರ್ಷವೂ ಇದ್ದದ್ದೇ.

ಸ್ಪೇನಿಗೆ ಸೇರಿದ ತೆನೆರಿಫ್ ದ್ವೀಪದ ಲಾ ಒರೊತಾವದಲ್ಲಿ ಇದು 1847ರಲ್ಲಿ ಮೊದಲಾಯಿತು. ಶ್ರೀಮಂತ ಮೊಂತೆವೆರ್ದೆ ಮನೆತನದ ಲಿಯೊನೊರ್ ದೆಲ್ ಕಾಸ್ತಿಯೊ ಎಂಬ ಮಹಿಳೆ ತಮ್ಮ ಮನೆಯೆದುರು ಮೆರವಣಿಗೆಗಾಗಿ ಹೂಹಾಸು ರಚಿಸಿದರು, ನೆರೆಹೊರೆ ಅನುಸರಿಸಿತು. ಅಲ್ಲಿ ಕಪ್ಪು, ಕಂದು ಬಣ್ಣಗಳಿಗೆ ಬ್ರೆಸೊ ಎಂಬ ಕುರುಚಲು ಗಿಡವನ್ನು ಕೊಚ್ಚಿ ಹುರಿಯುತ್ತಾರೆ. ಪುರಭವನದ ಚೌಕದಲ್ಲಂತೂ ಹೂವೇ ಇಲ್ಲ. ತೇಯ್ದೆ ಜ್ವಾಲಾಮುಖಿಯ ಬಣ್ಣಬಣ್ಣದ ಮಣ್ಣಿನಿಂದಲೇ ಸುಮಾರು 900 ಚದರ ಮೀಟರಿನ ಚಿತ್ರ ಮೂಡುತ್ತದೆ. ಅದಕ್ಕೆ ವಾರಗಟ್ಟಲೆ ದುಡಿಮೆ ಬೇಕು. ಬೀದಿಯ ಹೂಹಾಸುಗಳಾದರೋ ಒಂದು ಸಂಜೆಯವು. ಪರಮ ಪ್ರಸಾದ ಹಿಡಿದ ಗುರುಗಳು ಅವುಗಳ ಮೇಲೆ ನಡೆದುಹೋಗುತ್ತಾರೆ.

ಜೆನ್‌ಜಾನೊದಲ್ಲಿ ಇನ್ನೊಂದು ಪದ್ಧತಿಯಿದೆ. ಭಾನುವಾರ ಮೆರವಣಿಗೆ ಮುಗಿದ ಮೇಲೂ ಅಳಿದುಳಿದ ಚಿತ್ರವನ್ನು ಯಾರೂ ಗುಡಿಸುವುದಿಲ್ಲ. ಸೋಮವಾರ ಸಂಜೆ ಊರಿನ ಮಕ್ಕಳು ದೇವಾಲಯದ ಮೆಟ್ಟಿಲ ಬಳಿ ಗುಂಪುಗೂಡುತ್ತಾರೆ. ಕೂಗುತ್ತ ಇಳಿಜಾರಿನಲ್ಲಿ ಓಡುತ್ತಾರೆ, ಎಸಳುಗಳನ್ನು ಒದ್ದು ಹಾರಿಸುತ್ತಾರೆ. ಬೀದಿಯ ಇಕ್ಕೆಲಗಳಲ್ಲಿ ನಿಂತು ನಗುವವರಲ್ಲಿ ಆ ಚಿತ್ರವನ್ನು ಬಿಡಿಸಿದವರೂ ಇರುತ್ತಾರೆ.