ಕಿಟಕಿಯಲ್ಲಿರೋ ಆಫ್ರಿಕನ್ ವಯೊಲೆಟ್‌ಗೂ ಒಂದು ತವರಿದೆ

ಕಳೆದ ವರ್ಷ ನರ್ಸರಿಯಿಂದ ಒಂದು ಆಫ್ರಿಕನ್ ವಯೊಲೆಟ್ ತಂದೆ. ಬಿಸಿಲಲ್ಲಿಟ್ಟೆ, ದಿನಾ ನೀರು ಹಾಕಿದೆ. ಎಲೆ ಸುಟ್ಟಿತು, ಬೇರು ಕೊಳೀತು. ತಪ್ಪೆಲ್ಲಾಯ್ತು ಅಂತ ಹುಡುಕಿದಾಗ ಸಿಕ್ಕಿದ್ದು ನೂರಮೂವತ್ತು ವರ್ಷ ಹಳೆಯ ಕಥೆ.

ಇಂದಿನ ಟಾಂಜಾನಿಯಾ ಆಗ ಜರ್ಮನಿಯ ವಸಾಹತು. ಅಲ್ಲಿನ ಉಸಂಬರ ಬೆಟ್ಟಗಳಲ್ಲಿ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ ಈ ನೇರಳೆ ಹೂವನ್ನು ಕಂಡು, ಜರ್ಮನಿಯಲ್ಲಿದ್ದ ತಂದೆಗೆ ಕಳಿಸಿದ. ಅಲ್ಲಿಂದ ಅದು ಹ್ಯಾನೋವರ್‌ನ ಸಸ್ಯವಿಜ್ಞಾನಿ ಹರ್ಮನ್ ವೆಂಡ್‌ಲ್ಯಾಂಡ್ ಕೈ ಸೇರಿತು. 1893ರಲ್ಲಿ ಅವರಿಟ್ಟ ಹೆಸರು ಸೇಂಟ್‌ಪೌಲಿಯಾ. ಗಿಡ ಬೆಟ್ಟದ್ದು, ಹೆಸರು ಮಾತ್ರ ಅಧಿಕಾರಿಯ ಮನೆತನದ್ದು!

ಆ ಬೆಟ್ಟದಲ್ಲಿ ಇದು ಬೆಳೆಯೋದು ಮರಗಳ ನೆರಳಲ್ಲಿ, ಪಾಚಿ ಕಟ್ಟಿದ ಬಂಡೆಗಳ ಸಂದಿಯಲ್ಲಿ. ಅಲ್ಲಿ ತೇವ ಇರುತ್ತೆ, ಆದ್ರೆ ನೀರು ನಿಲ್ಲಲ್ಲ. ಆರೈಕೆಯ ಗುಟ್ಟೆಲ್ಲ ಇಷ್ಟೇ. ಬೆಳಕು ಚೆನ್ನಾಗಿರಲಿ, ಸುಡುಬಿಸಿಲು ಬೇಡ. ಮೇಲ್ಮಣ್ಣು ಒಣಗಿದ ಮೇಲೆ ಕುಂಡವನ್ನು ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು, ಉಳಿದ ನೀರು ಚೆಲ್ಲಿ. ಎಲೆ ಮೇಲೆ ತಣ್ಣೀರು ಬಿದ್ರೆ ಕಲೆ ಆಗುತ್ತೆ.

ಒಂದೇ ಒಂದು ಎಲೆಯ ತೊಟ್ಟನ್ನು ಮಣ್ಣಿಗೆ ಊರಿದರೂ ಹೊಸ ಗಿಡ ಹುಟ್ಟುತ್ತೆ. ಹಾಗಾಗಿ ಇದು ಕೈಯಿಂದ ಕೈಗೆ, ಕಿಟಕಿಯಿಂದ ಕಿಟಕಿಗೆ ಸುಲಭವಾಗಿ ಹರಡಿತು. ಆದ್ರೆ ತವರಿನಲ್ಲಿ ಕಾಡು ಕಡಿದಂತೆ ಬಂಡೆಗಳ ಮೇಲಿನ ನೆರಳೂ ಹೋಗ್ತಿದೆ. ಹಲವು ಕಾಡುತಳಿಗಳು ಅಳಿವಿನಂಚಿನಲ್ಲಿವೆ.

ನಾನು ನನ್ನ ಗಿಡದಿಂದ ಕಿತ್ತುಕೊಂಡಿದ್ದೂ ಅದನ್ನೇ, ನೆರಳು. ಈಗ ಗೆಳತಿ ಕೊಟ್ಟ ಒಂದು ಎಲೆ ಊರಿದ್ದೀನಿ. ಈ ಸಲ ಪರದೆಯ ಹಿಂದೆ.